ಹರಟೆಮಲ್ಲನ ಅರ್ಧ ಕೂಗು

ನಾನು ಚಿತ್ರಕಲೆ ಕಲಿಸುತ್ತಿದ್ದ ಯಲ್ಲಾಪುರದ ಹೈಸ್ಕೂಲಿಗೆ ಈಚೆಗೆ ಸುಣ್ಣಬಣ್ಣ ಆಯಿತು. ಗೋಡೆಯ ಮೇಲಿದ್ದ ಹಳೆಯ ಚಾರ್ಟುಗಳನ್ನು ಕಿತ್ತು ಹಾಕುವಾಗ ಅಲ್ಲಿನ ಜವಾನನಿಗೆ ನನ್ನ ನೆನಪಾಯಿತೋ, ನನ್ನ ಮೇಲೆ ಕನಿಕರ ಬಂತೋ, ಒಂದನ್ನು ಸುರುಳಿ ಸುತ್ತಿ ಮನೆಗೆ ತಂದುಕೊಟ್ಟ. ಬಿಚ್ಚಿ ನೋಡಿದರೆ ನಾನೇ ಬರೆದ ‘ನಮ್ಮ ಊರಿನ ಹಕ್ಕಿಗಳು’. ಗೆದ್ದಲು ಒಂದು ಅಂಚನ್ನು ತಿಂದು, ಮಿಂಚುಳ್ಳಿಯ ಬಾಲವನ್ನೂ ಸ್ವಲ್ಪ ರುಚಿ ನೋಡಿ ಬಿಟ್ಟಿತ್ತು. ಉಳಿದ ಹಕ್ಕಿಗಳೆಲ್ಲ ಕ್ಷೇಮವಾಗಿದ್ದವು. ಕ್ಷೇಮ ಎನ್ನುವುದು ನನ್ನ ಮಾತು. ಮಕ್ಕಳ ಪ್ರಕಾರ ಆ ಚಾರ್ಟಿನ ಗಿಳಿಗೆ ಗಂಟಲು ಬಾವು ಬಂದಿತ್ತು, ಮರಕುಟಿಗ ಮರವನ್ನು ಕುಟ್ಟುವ ಬದಲು ಅದಕ್ಕೆ ಮುತ್ತಿಡುತ್ತಿತ್ತು.

“ಈಗ ಇದರ ಎಲ್ಲಿ ಇಡವು?” ಎಂದು ಹೆಂಡತಿ ಕೇಳಿದಳು. ಮನೆಯಲ್ಲಿ ಜಾಗ ಇಲ್ಲ ಎಂಬುದನ್ನು ಅವಳು ಹೇಳುವ ಕ್ರಮ ಅದು. ನಾನು ಚಾರ್ಟಿನ ಬಲಗಡೆಯ ಕೆಳಮೂಲೆಯನ್ನೇ ನೋಡುತ್ತ ಕೂತೆ. ಅಲ್ಲಿ ಒಂದು ಹಕ್ಕಿ ಕೊಕ್ಕು ತೆರೆದು ಕೂಗುತ್ತಿದೆ. ಕೂಗು ಏನೆಂದು ಮಕ್ಕಳಿಗೆ ತಿಳಿಯಲಿ ಎಂದು ಕೊಕ್ಕಿನ ಮುಂದೆ ಒಂದು ಮಾತಿನ ಗುಳ್ಳೆ ಬರೆದು, ಒಳಗೆ ‘ಪೊಪೊಪೊಪೊ ಕ್ರೂಯ್’ ಎಂದು ಅಚ್ಚುಕಟ್ಟಾಗಿ ತುಂಬಿಸಿದ್ದೇನೆ. ಇಡೀ ಚಾರ್ಟಿನಲ್ಲಿ ಚಿತ್ರ ಸರಿಯಾಗಿ ಬಂದಿದ್ದು ಇದೊಂದೇ. ತಪ್ಪಾಗಿದ್ದೂ ಇದೇ.

ಕಂದು ಮೈ, ಬಿಳಿ ಎದೆ, ಕಣ್ಣಿನ ಮೇಲೆ ಉದ್ದಕ್ಕೆ ತೀಡಿದ ಬಿಳಿ ಹುಬ್ಬು, ಕುಡುಗೋಲಿನ ಹಾಗೆ ಬಾಗಿದ ಹಳದಿ ಕೊಕ್ಕು. ಹಕ್ಕಿ ನೋಡುವ ಹುಚ್ಚಿನವರು ಇದನ್ನು ಕುಡುಗೋಲು ಹರಟೆಮಲ್ಲ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಹೆಸರೇ ಇಲ್ಲ. ನಮ್ಮಲ್ಲಿ ಹೆಸರಿರುವುದು ಬೆಳೆ ತಿನ್ನುವ, ಕೋಳಿಮರಿ ಕದಿಯುವ, ಶಕುನ ನುಡಿಯುವ ಹಕ್ಕಿಗಳಿಗೆ. ಯಾರ ತಂಟೆಗೂ ಹೋಗದವೆಲ್ಲ ‘ಎಂತೋ ಒಂದು ಹಕ್ಕಿ’. ಹಾಗಾಗಿ ಇದರ ಕೂಗು ಕೇಳದವರು ಈ ಕಡೆ ಯಾರೂ ಇಲ್ಲ, ಕಂಡವರು ಬಹಳ ಕಡಿಮೆ. ಕಾಡು ಮುಗಿದು ಊರು ಶುರುವಾಗುವ ಅಂಚಿನಲ್ಲಿ, ಬಿದಿರ ಮೆಳೆಯ ಒಳಗೋ ಲಂಟಾನದ ಬುಡದಲ್ಲೋ ಅದು ತರಗೆಲೆ ಮಗುಚುತ್ತ ತನ್ನ ಪಾಡಿಗೆ ತಾನಿರುತ್ತದೆ. ಮೊದಲು ಬಾಟಲಿಯಿಂದ ನೀರು ಸುರಿದ ಹಾಗೆ ಪೊಪೊಪೊಪೊ. ಅದರ ಬಾಲಕ್ಕೇ ಅಂಟಿಕೊಂಡು ಒಂದು ಕ್ರೂಯ್.

ಬಹಳ ವರ್ಷ ನಾನು ಇದನ್ನು ಒಂದೇ ಹಕ್ಕಿಯ ಕೂಗೆಂದು ತಿಳಿದಿದ್ದೆ. ತಿಳಿದು ಸುಮ್ಮನಿದ್ದರೆ ಪರವಾಗಿರಲಿಲ್ಲ, ಮಕ್ಕಳಿಗೆ ಕಲಿಸಿಯೂ ಬಿಟ್ಟಿದ್ದೆ. “ಈ ಹಕ್ಕಿಗೆ ಎರಡು ದನಿ, ಮೊದಲು ದಪ್ಪ, ಆಮೇಲೆ ತೆಳ್ಳಗೆ” ಎಂದು ನಾನೇ ಕ್ಲಾಸಿನಲ್ಲಿ ಕೂಗಿ ತೋರಿಸುತ್ತಿದ್ದೆ. ಪಕ್ಕದ ಕ್ಲಾಸಿನ ಗಣಿತದ ಮಾಸ್ತರು ಬಾಗಿಲಲ್ಲಿ ಬಂದು ನಿಂತು, ನನ್ನನ್ನು ನೋಡಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮನೆಯ ಹಿಂದಿನ ಬಿದಿರ ಮೆಳೆಯ ಹತ್ತಿರ ಹಕ್ಕಿ ಕಣ್ಣೆದುರೇ ಸಿಕ್ಕಿತು. ಬಿದ್ದ ಬಿದಿರಿನ ಮೇಲೆ ಕೂತು ಗಂಟಲು ಉಬ್ಬಿಸಿ ಪೊಪೊಪೊಪೊ ಎಂದಿತು, ಕೊಕ್ಕು ಮುಚ್ಚಿತು. ಕ್ರೂಯ್ ಎಂಬುದು ನನ್ನ ಬೆನ್ನ ಹಿಂದಿನಿಂದ ಬಂತು. ಪ್ರತಿಧ್ವನಿ ಇರಬೇಕು ಎಂದುಕೊಂಡೆ. ಪ್ರತಿಧ್ವನಿ ಕೊಟ್ಟದ್ದನ್ನೇ ತಿರುಗಿ ಕೊಡಬೇಕಲ್ಲ, ಬೇರೆಯದನ್ನು ಹೇಗೆ ಕೊಟ್ಟೀತು? ಆಮೇಲೆ ನನ್ನ ಕಿವಿಯ ಮೇಲೆ ಅನುಮಾನ ಬಂತು. ನಾನು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತ ನಿಂತದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡ ಹೆಂಡತಿ, “ನಿಂಗ ಹಕ್ಕಿ ನೋಡ್ತಾ ಇದ್ರಾ, ಹಕ್ಕಿ ನಿಂಗಳ ನೋಡ್ತಾ ಇದ್ದಾ?” ಎಂದಳು. ಕೊನೆಗೆ ದಾರಿಯ ಆಚೆ ಲಂಟಾನದ ಒಳಗೆ ಇನ್ನೊಂದು ಬಿಳಿ ಹುಬ್ಬು ಕಂಡಿತು. ಗಂಡು ಮೊದಲರ್ಧ ಹೇಳುತ್ತದೆ, ಹೆಣ್ಣು ಉಳಿದರ್ಧ ಹೇಳುತ್ತದೆ. ನಡುವೆ ಒಂದು ಎಳೆ ತೂರಿಸಲೂ ಜಾಗ ಇರುವುದಿಲ್ಲ. ಪೊದೆ ಎಷ್ಟು ದಟ್ಟ ಎಂದರೆ ಒಂದಕ್ಕೊಂದು ಕಾಣುವುದಿಲ್ಲ. ಇದ್ದೀಯಾ ಎಂದು ಒಂದು ಕೇಳಿದರೆ ಇದ್ದೇನೆ ಎಂದು ಇನ್ನೊಂದು ಹೇಳುತ್ತದೆ, ಅಷ್ಟೇ ಅದರ ಅರ್ಥ ಇರಬೇಕು.

ಆಗ ನನ್ನ ಆಯಿ, ಅಂದರೆ ತಾಯಿ, ಇನ್ನೂ ಇದ್ದಳು. ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವಳ ಎದುರು ಹೋಗಿ, ದೊಡ್ಡ ಶೋಧ ಮಾಡಿದವನ ಠೀವಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಆಯಿ ಕೇಳಿಸಿಕೊಂಡು, “ಹಂಗಾರೆ ಆ ಚಿತ್ರಕ್ಕೆ ಇನ್ನೊಂದು ಹಕ್ಕಿ ಬರಿ” ಎಂದಳು. ಮೂಲೆಯಲ್ಲಿ ಜಾಗ ಇಲ್ಲ, ಇನ್ನೊಂದನ್ನು ಬರೆದರೆ ಗೂಬೆಯ ತಲೆಯ ಮೇಲೆ ಕೂರಿಸಬೇಕಾಗುತ್ತದೆ ಎಂದೆ. ಆಯಿ ನಕ್ಕು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಅವಳು ಯಾಕೆ ನಕ್ಕಳು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಕೆಲಸ ಇರುತ್ತಿರಲಿಲ್ಲ.

ಆಯಿ ಮದುವೆಮನೆಯಲ್ಲಿ ಹಾಡುವವಳು. ನಮ್ಮ ಕಡೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು. ಅರಿಶಿನ ಹಚ್ಚುವುದಕ್ಕೆ ಬೇರೆ, ಮದುಮಗಳನ್ನು ಹಸೆಗೆ ಕರೆಯುವುದಕ್ಕೆ ಬೇರೆ, ಆರತಿಗೆ ಬೇರೆ. ಪುರೋಹಿತರ ಮಂತ್ರ ಉದ್ದವಾದರೆ ಹಾಡೂ ಉದ್ದವಾಗಬೇಕು, ಹೋಮದ ಹೊಗೆಯಲ್ಲೂ ನಿಲ್ಲಬಾರದು. ಅದಕ್ಕೇ ಇಬ್ಬರು ಜೊತೆಯಾಗಿ ಹಾಡುತ್ತಾರೆ. ಹಾಡಿನ ಒಂದು ಸಾಲಿಗೆ ಸೊಲ್ಲು ಎನ್ನುತ್ತಾರೆ. ಒಂದು ಸೊಲ್ಲು ಒಬ್ಬಳದು, ಮುಂದಿನ ಸೊಲ್ಲು ಇನ್ನೊಬ್ಬಳದು. ಆಯಿಯ ಜೊತೆಗಾತಿ ಪಕ್ಕದ ಮನೆಯ ಗಂಗತ್ತೆ. ಸಂಬಂಧದಲ್ಲಿ ಅವಳು ನಮಗೆ ಏನೂ ಅಲ್ಲ, ಕರೆಯುವುದಕ್ಕೆ ಅತ್ತೆ. ಇಬ್ಬರಿಗೂ ಮದುವೆಯಾಗಿ ನಮ್ಮ ಊರಿಗೆ ಬಂದ ಹೊಸತರಲ್ಲೇ ದನಿ ಕೂಡಿಕೊಂಡಿತ್ತಂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿ ಮದುವೆಯಾದರೂ ಕರೆ ಬರುತ್ತಿತ್ತು.

ನಾನು ಸಣ್ಣವನಿದ್ದಾಗಲೇ ಅಪ್ಪಯ್ಯ ತೀರಿಹೋದ. ಅಲ್ಲಿಗೆ ಆಯಿ ಮದುಮಕ್ಕಳ ಎದುರು ಕೂತು ಹಾಡುವುದು ಮುಗಿಯಿತು. ಹಾಡಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಆಯಿಗೇ ಗೊತ್ತಿತ್ತು. ಮುಂದಿನ ಮದುವೆಯ ಕರೆ ಬಂದಾಗ ಗಂಗತ್ತೆ ನಮ್ಮ ಅಡುಗೆಮನೆಗೆ ಬಂದು ನಿಂತದ್ದು ನನಗೆ ನೆನಪಿದೆ.

“ನೀ ಬಾರದ್ರೆ ಆನೂ ಹೋಗ್ತಿಲ್ಲೆ” ಎಂದಳು.

“ಆನು ಎದುರು ಕೂತು ಹಾಡಲಾಗ, ಗಂಗಾ.”

“ಎದುರು ಕೂರು ಹೇಳಿ ಯಾರು ಹೇಳಿದ? ಉಗ್ರಾಣದಲ್ಲಿ ಕಾಯಿ ಹೆರಿಯಲೆ ಜನ ಬೇಕಲ.”

ಹೀಗೆ ಆಯಿ ಉಗ್ರಾಣಕ್ಕೆ ಹೋದಳು. ಮದುವೆಮನೆಯ ಉಗ್ರಾಣವೆಂದರೆ ಅಕ್ಕಿ ಬೆಲ್ಲ ತೆಂಗಿನಕಾಯಿ ತುಂಬಿದ ಕೋಣೆ, ಅದರದ್ದೊಂದು ಸಣ್ಣ ಜಾಲರಿ ಕಿಟಕಿ ಇಲ್ಲವೇ ಅರೆತೆರೆದ ಬಾಗಿಲು ಒಳಾಂಗಣದ ಕಡೆಗಿರುತ್ತದೆ. ಗಂಗತ್ತೆ ಯಾವ ಮನೆಗೆ ಹೋದರೂ ಮೊದಲು ಅದನ್ನು ಹುಡುಕಿ, ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವಳ ಸೊಲ್ಲು ಮಂಟಪದ ಎದುರಿನಿಂದ, ಆಯಿಯ ಸೊಲ್ಲು ಅವಳ ಬೆನ್ನ ಹಿಂದಿನ ಕತ್ತಲೆಯಿಂದ. ಹೆಂಗಸರಲ್ಲಿ ಗೊತ್ತಿದ್ದವರಿಗೆ ಗೊತ್ತಿತ್ತು, ಅವರು ಗೊತ್ತಿಲ್ಲದ ಹಾಗೆ ಇರುತ್ತಿದ್ದರು. ಗಂಡಸರಿಗೆ ಮಾತ್ರ ಕೊನೆಯವರೆಗೂ ಗೊತ್ತಾಗಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತ, “ಗಂಗಕ್ಕಂದು ಎಂತಾ ಗಂಟಲು ಮಾರಾಯ, ಒಂದು ಗಳಿಗೆ ನಿಲ್ಸದಿಲ್ಲೆ” ಎಂದು ಹೊಗಳುತ್ತಿದ್ದರು. ಹೊರಡುವಾಗ ಹಾಡಿದವಳಿಗೆಂದು ಕೊಡುವ ರವಿಕೆ ಕಣ, ತೆಂಗಿನಕಾಯಿ ಗಂಗತ್ತೆಗೇ ಬರುತ್ತಿತ್ತು. ದಾರಿಯಲ್ಲಿ ಅವಳು ಕಣವನ್ನು ಆಯಿಯ ಚೀಲಕ್ಕೆ ತುರುಕುವುದು, ಆಯಿ ಅದನ್ನು ತೆಗೆದು ಹಿಂದಕ್ಕೆ ಕೊಡುವುದು, ಇದು ಮನೆ ಮುಟ್ಟುವವರೆಗೆ ನಡೆಯುತ್ತಿತ್ತು.

ಉಗ್ರಾಣದಲ್ಲಿ ಆಯಿಯ ಪಕ್ಕ ಗೋಣಿಚೀಲದ ಮೇಲೆ ಮಲಗಿರುತ್ತಿದ್ದವನು ನಾನು. ಆ ಕೋಣೆಗಳ ವಿಷಯ ಏನು ಕೇಳಿದರೂ ಈಗಲೂ ಹೇಳಬಲ್ಲೆ. ಇಂಗಿನ ಡಬ್ಬಿ ಯಾವ ಹಲಗೆಯ ಮೇಲಿತ್ತು, ಬಾಳೆಗೊನೆಯ ಯಾವ ಚಿಪ್ಪು ಮೊದಲು ಹಣ್ಣಾಗುತ್ತದೆ, ಲಾಡಿನ ಬುಟ್ಟಿಗೆ ಮುಚ್ಚಿದ ಬಾಳೆಲೆಯನ್ನು ಸದ್ದಿಲ್ಲದೆ ಸರಿಸುವುದು ಹೇಗೆ, ಎಲ್ಲವೂ ಬಾಯಿಪಾಠ. ಆಯಿ ಹಾಡುವಾಗ ಹೆರೆಮಣೆಯ ಮೇಲೆ ಅವಳ ಕೈ ನಿಲ್ಲುತ್ತಿತ್ತು, ಅದೂ ನೆನಪಿದೆ. ಆ ರಾಗ ಮೈಯೊಳಗೆ ಇಳಿದಿದೆ. ಹಾಡಿನ ಮಾತು ಮಾತ್ರ ಒಂದೂ ನೆನಪಿಲ್ಲ. ನನ್ನ ಕಿವಿ ಆಗ ಹೊಟ್ಟೆಯ ಹತ್ತಿರ ಇತ್ತು.

ಆ ಹಾಡುಗಳಲ್ಲಿ ಹಸೆಗೆ ಕರೆಯುವ ಒಂದು ಹಾಡು ಬೇರೆ ರೀತಿಯದು. ಗಂಗತ್ತೆ ಮದುಮಗಳನ್ನು ಹಸೆಮಣೆಗೆ ಬಾ ಎಂದು ಕರೆಯುತ್ತಾಳೆ. ಆಯಿ ಆ ಹುಡುಗಿಯ ಜೊತೆಗಿರುವ ಗೆಳತಿಯ ಹಾಗೆ, ಅವಳಿಗೊಂದು ಮಾತು ಹೇಳುತ್ತಾಳೆ. ಗಂಗತ್ತೆಯದು ಹಿಂದಿನಿಂದ ಬಂದ ಸೊಲ್ಲು. ಆಯಿ ತನ್ನದನ್ನು ಹುಡುಗಿಯ ಮುಖ ನೋಡಿ ಅಲ್ಲೇ ಕಟ್ಟುತ್ತಿದ್ದಳಂತೆ. ಒಂದು ಮದುವೆಯಲ್ಲಿ ಹೇಳಿದ್ದು ಇನ್ನೊಂದರಲ್ಲಿ ಇಲ್ಲ. ಇದು ನನಗೆ ತಿಳಿದದ್ದು ಆಯಿ ತೀರಿಹೋದ ಮೇಲೆ, ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದ ಹೆಂಗಸರು ಮಾತಾಡಿಕೊಳ್ಳುವಾಗ. ಅಂದಿನಿಂದ ನನಗೆ ಒಂದೇ ಗುಂಗು. ಎದುರಿಗೆ ಬರಬಾರದು ಎಂದು ಕತ್ತಲೆಕೋಣೆಯಲ್ಲಿ ಕೂತಿದ್ದ ಆಯಿ, ಜಾಲರಿಯಿಂದ ಕಂಡ ಮದುಮಗಳಿಗೆ ಏನು ಹೇಳಿದಳು? ಒಂದೇ ಒಂದು ಸೊಲ್ಲಾದರೂ ಸಿಕ್ಕಿದರೆ ಸಾಕಿತ್ತು. ಅವಳು ನನ್ನ ಹತ್ತಿರ ಊಟ ಆಯಿತಾ, ಸ್ವೆಟರು ಹಾಕಿಕೋ ಎನ್ನುವುದು ಬಿಟ್ಟು ಬೇರೆ ಹೆಚ್ಚು ಮಾತಾಡಿದವಳಲ್ಲ. ನನಗೆ ಸಿಗದ ಆಯಿಯೊಬ್ಬಳು ಆ ಸೊಲ್ಲುಗಳಲ್ಲಿ ಇದ್ದಳು ಎಂದು ಈಗಲೂ ಅನ್ನಿಸುತ್ತದೆ.

ಆಯಿಗೆ ಕಾಯಿಲೆ ಜೋರಾದ ವರ್ಷವೇ ಗಂಗತ್ತೆಯೂ ಹಾಡುವುದನ್ನು ಬಿಟ್ಟಳು. ಗಂಟಲು ಹಿಡಿದಿದೆ, ದನಿ ಏಳುವುದಿಲ್ಲ ಎಂದು ಕರೆಯಲು ಬಂದವರಿಗೆಲ್ಲ ಹೇಳುತ್ತಿದ್ದಳು. ಜ್ಯೇಷ್ಠಮಧು ಅಗಿಯಿರಿ, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಎಂದು ಎಲ್ಲರೂ ಒಂದೊಂದು ಮದ್ದು ಹೇಳಿದರು. ಆಮೇಲೆ ಮದುವೆಗಳೂ ಕಲ್ಯಾಣಮಂಟಪಕ್ಕೆ ಹೋದವು, ಹಾಡು ಸ್ಪೀಕರಿನಲ್ಲಿ ಬಂತು. ಗಂಗತ್ತೆ ಭೈರುಂಬೆಯ ಹತ್ತಿರ ಇರುವ ಮಗಳು ವಿಜಯಾಳ ಮನೆ ಸೇರಿದಳು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಹಿತ್ತಿಲ ಬಿದಿರ ಮೆಳೆಯಲ್ಲಿ ಹರಟೆಮಲ್ಲನ ಕೂಗು ಅರ್ಧವಾಯಿತು. ಪೊಪೊಪೊಪೊ ಎನ್ನುತ್ತದೆ, ಮುಂದೆ ಏನೂ ಇಲ್ಲ. ಸ್ವಲ್ಪ ತಡೆದು ಮತ್ತೆ ಅದನ್ನೇ ಹೇಳುತ್ತದೆ. ಹೆಣ್ಣಿಗೆ ಏನಾಯಿತೋ, ಬೆಕ್ಕು ಹಿಡಿಯಿತೋ, ಹಾವೋ, ತಿಳಿಯಲಿಲ್ಲ. ಹಕ್ಕಿ ನೋಡುವವರಲ್ಲಿ ಒಂದು ಚಾಳಿ ಇದೆ. ಹಕ್ಕಿ ಹೊರಗೆ ಬಾರದಿದ್ದರೆ ಅದರ ಜಾತಿಯದೇ ಕೂಗನ್ನು ಫೋನಿನಲ್ಲಿ ಹಾಕುತ್ತಾರೆ, ಹಕ್ಕಿ ನಂಬಿಕೊಂಡು ಬರುತ್ತದೆ. ನಾನೂ ನನ್ನ ಹತ್ತಿರ ಇದ್ದ ಹೆಣ್ಣಿನ ಕ್ರೂಯ್ ಹಾಕಿ ಫೋನನ್ನು ಒಂದು ಕಲ್ಲಿನ ಮೇಲೆ ಇಟ್ಟೆ. ಗಂಡು ತಟ್ಟನೆ ಬಂತು. ಫೋನಿನ ಸುತ್ತ ಕುಪ್ಪಳಿಸಿತು, ಕೊಕ್ಕಿನಿಂದ ಕಲ್ಲಿನ ಬುಡದ ತರಗೆಲೆಯನ್ನು ಒಂದೊಂದಾಗಿ ಮಗುಚಿ ನೋಡಿತು. ಅಷ್ಟು ಹತ್ತಿರದಿಂದ ಅದನ್ನು ನಾನು ಎಂದೂ ಕಂಡಿರಲಿಲ್ಲ. ಆದರೂ ನೋಡುತ್ತಿರಲು ಆಗಲಿಲ್ಲ, ಫೋನು ತೆಗೆದುಕೊಂಡು ಒಳಗೆ ಬಂದುಬಿಟ್ಟೆ.

ಅದೇ ಹೊತ್ತಿಗೆ ಸಿದ್ದಾಪುರದ ಕಡೆಯ ಒಬ್ಬ ನೆಂಟರ ಮನೆಯ ಟ್ರಂಕಿನಲ್ಲಿ ಒಂದು ಕ್ಯಾಸೆಟ್ಟು ಸಿಕ್ಕಿತು. ಹಿಂದೆ ಅವರ ಮನೆಯ ಮದುವೆಗೆ ಮುಂಬೈಯಿಂದ ಬಂದ ಯಾರೋ ಟೇಪ್ ರೆಕಾರ್ಡರ್ ತಂದಿದ್ದರಂತೆ, ಅದನ್ನು ಗಂಗತ್ತೆಯ ಮುಂದಿಟ್ಟು ಹಾಡು ಹಿಡಿದಿದ್ದರಂತೆ. ಮೇಲೆ ‘ಹಸೆ ಹಾಡು’ ಎಂದು ಬರೆದಿತ್ತು. ಶಿರಸಿಯ ಹಳೆಯ ಪೇಟೆಯಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುವ ಕಾಸಿಂ ಭಾಯಿ ಇದ್ದಾರೆ. ಅದನ್ನು ಫೋನಿಗೆ ಬರುವ ಹಾಗೆ ಮಾಡಿಕೊಡಿ ಎಂದು ಅವರ ಕೈಗೆ ಕೊಟ್ಟು ಬಂದೆ.

ಮತ್ತೆ ಹೋದಾಗ, “ಬರ್ರಿ ಮಾಸ್ತರ್, ಕೂಡ್ರಿ” ಎಂದು ಸ್ಟೂಲು ಎಳೆದು ಕೊಟ್ಟರು. “ಹಾಡು ಭಾಳ ಚೊಲೋ ಐತ್ರಿ. ಆದ್ರೆ ಮೈಕು ಬರೋಬ್ಬರಿ ಇಟ್ಟಿಲ್ಲ ಅವ್ರು. ಅಮ್ಮಾರು ಒಂದು ಸಾಲು ಹೇಳ್ತಾರ, ಆಮ್ಯಾಗ ಖಾಲಿ. ಮತ್ತ ಒಂದು ಸಾಲು, ಮತ್ತ ಖಾಲಿ. ನಾನು ಖಾಲಿ ಎಲ್ಲ ಕಟ್ ಮಾಡಿ ಕ್ಲೀನ್ ಮಾಡಿಟ್ಟೀನಿ. ಕೇಳ್ರಿ.”

ಕೇಳಿದೆ. ಗಂಗತ್ತೆಯ ಹರೆಯದ ದನಿ, ಸೊಲ್ಲಿನ ಬೆನ್ನಿಗೆ ಸೊಲ್ಲು, ಎಲ್ಲೂ ನಿಲ್ಲದೆ ಹೋಗುತ್ತಿತ್ತು. ಮದುವೆಮನೆಯ ಜಗುಲಿಯ ಮೇಲೆ ಕೂತ ಗಂಡಸರಿಗೆ ಕೇಳಿಸಿದ್ದೂ ಇಂಥದ್ದೇ ಇರಬೇಕು. ಆ ಖಾಲಿ ಜಾಗದಲ್ಲಿ ನನ್ನ ತಾಯಿ ಇದ್ದಳು ಎಂದು ಹೇಳಿದೆ. ಉಗ್ರಾಣದ ವಿಷಯವನ್ನೂ ಹೇಳಿದೆ.

ಕಾಸಿಂ ಭಾಯಿ ತಲೆಯ ಮೇಲೆ ಕೈ ಇಟ್ಟುಕೊಂಡರು. “ಮೊದ್ಲ ಹೇಳ್ಬಾರ್ದೇನ್ರಿ ಮಾಸ್ತರ್. ತಡೀರಿ, ತುಕಡಿ ಒಗೆದಿಲ್ಲ ನಾನು.” ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕೂತು ಕತ್ತರಿಸಿದ ಚೂರುಗಳನ್ನೆಲ್ಲ ಹುಡುಕಿ ತೆಗೆದರು. ಮೊದಲಿದ್ದ ಹಾಗೆ ಪೂರ್ತಿ ಹಾಡನ್ನು ಒಂದು ಕಡೆ ಹಾಕಿದರು. ಆಮೇಲೆ ನಾನು ಕೇಳದೆಯೇ, ಖಾಲಿ ಚೂರುಗಳನ್ನಷ್ಟೇ ಒಂದಕ್ಕೊಂದು ಜೋಡಿಸಿ ಬೇರೆಯಾಗಿ ಕೊಟ್ಟರು. ದನಿ ಎಷ್ಟು ಏರಿಸಬಹುದೋ ಅಷ್ಟು ಏರಿಸಿದ್ದರು. “ತಾಯಿದು ಇದ್ರಾಗ ಐತಿ ಅಂತೀರಲ್ಲ. ಇದನ್ನ ಬ್ಯಾರೆ ಇಟ್ಗೊಳ್ರಿ” ಎಂದರು.

ಯಲ್ಲಾಪುರದ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದೆ. ಪಾತ್ರೆ ಸದ್ದು. ಯಾರೋ ನೀರು ಕೇಳುತ್ತಾರೆ. ಒಂದು ಮಗು ಕೆಮ್ಮುತ್ತದೆ, ಅದು ನಾನೇ ಇದ್ದರೂ ಇರಬಹುದು. ಇದೆಲ್ಲದರ ಹಿಂದೆ, ಬಹಳ ಹಿಂದೆ, ಯಾರೋ ಹಾಡುತ್ತಿದ್ದಾರೆ. ರಾಗ ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಎಷ್ಟೋ ಸಲ ಕೇಳಿದೆ. ಹಕ್ಕಿಯ ಕೂಗು ಕೇಳಿ ಕೇಳಿ ಕಿವಿ ಪಳಗಿದವನು ಎಂದು ನನಗೆ ಸ್ವಲ್ಪ ಜಂಬ ಇತ್ತು, ಅದೂ ಇಳಿಯಿತು. ಉಳಿದದ್ದು ಒಂದೇ ದಾರಿ, ಗಂಗತ್ತೆ.

ಸಹಸ್ರಲಿಂಗದ ತಿರುವು ದಾಟಿ ವಿಜಯಾಳ ಮನೆಗೆ ಹೋದಾಗ ಗಂಗತ್ತೆ ಹಲಸಿನ ಹಪ್ಪಳಕ್ಕೆ ಉಂಡೆ ಕಟ್ಟುತ್ತ ಕೂತಿದ್ದಳು. ಕೈ ತುಂಬ ಎಣ್ಣೆ, ಎದುರಿಗೆ ಮಣೆಯ ಮೇಲೆ ಉಂಡೆಗಳ ಸಾಲು. ಕಣ್ಣು ಕಿರಿದು ಮಾಡಿ ನೋಡಿದಳು.

“ಯಾರು, ಹಕ್ಕಿ ಮಾಸ್ತರನಾ? ಹಕ್ಕಿ ಹುಡುಕ್ತಾ ಬಂದ್ಯಾ, ಯನ್ನ ನೋಡಲೆ ಬಂದ್ಯಾ?”

“ನಿನ್ನೇ ನೋಡಲೆ ಬಂದಿ, ಗಂಗತ್ತೆ.”

“ಹಂಗಾರೆ ಕೂತ್ಕ. ಹಕ್ಕಿಯಷ್ಟು ಚಂದ ಇಲ್ಲೆ ಆನು.”

ಮಜ್ಜಿಗೆ ಕುಡಿದು ವಿಷಯ ಹೇಳಿದೆ. ಫೋನನ್ನು ಮಣೆಯ ತುದಿಯಲ್ಲಿಟ್ಟು ಪೂರ್ತಿ ಹಾಡನ್ನು ಹಾಕಿದೆ. ‘ಸುರಗಿಯ ಮುಡಿದೋಳೆ, ಸುತ್ತೆಲ್ಲ ನೋಡದೆ ಬಾರೆ’ ಎಂದು ದನಿ ಎದ್ದಿತು.

“ಇದು ಯಾರು?”

“ನೀನೇಯ.”

“ಆನಾ? ಇಷ್ಟು ಗಟ್ಟಿ ಇತ್ತಾ ಯನ್ನ ದನಿ?” ಎಂದು ಅವಳು ವಿಜಯಾಳ ಕಡೆ ನೋಡಿ ನಾಚಿಕೊಂಡಳು. ಆಗಲೇ ಖಾಲಿ ಜಾಗ ಬಂತು. ನಾನು ಹಾಡನ್ನು ನಿಲ್ಲಿಸಿದೆ.

“ಇಲ್ಲಿ ಆಯಿ ಎಂತ ಹೇಳಿತ್ತು ಗಂಗತ್ತೆ?”

ಅವಳು ಕೈಯಲ್ಲಿದ್ದ ಉಂಡೆಯನ್ನು ಉರುಟು ಮಾಡಿ ಮಣೆಯ ಮೇಲಿಟ್ಟಳು. “ಇನ್ನೊಂದ್ಸಲ ಹಾಕು” ಎಂದಳು. ಹಾಕಿದೆ. ಮತ್ತೊಮ್ಮೆ ಎಂದಳು, ಮತ್ತೊಮ್ಮೆ ಹಾಕಿದೆ. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.

“ಗೊತ್ತಿಲ್ಲೆ ತಮಾ” ಎಂದಳು ಕೊನೆಗೆ. “ನಿನ್ನ ಆಯಿ ಹೇಳಕಾರೆ ಆನು ಉಸಿರು ತಗತಿದ್ದಿ. ಯನ್ನ ಮುಂದಿನ ಸೊಲ್ಲ ಮನಸಲ್ಲಿ ಹಿಡ್ಕತಿದ್ದಿ. ಅದರದ್ದು ಮುಗತ್ತು ಹೇಳದು ಮಾತ್ರ ಗೊತ್ತಾಗ್ತಿತ್ತು. ಇಷ್ಟು ವರ್ಷ ಜೊತಿಗೆ ಹಾಡಿ, ಆನು ನಿನ್ನ ಆಯಿ ಹಾಡ್ತಾ ಇದ್ದಿದ್ದ ಕೇಳಿದ್ದೇ ಇಲ್ಲೆ.”

ಆಮೇಲೆ ಗಂಗತ್ತೆ ಆ ಮದುವೆಯ ಮದುಮಗಳ ಮಾತು ತೆಗೆದಳು. “ಆ ಮದುವೆ ಕೂಸು ಒಂದು ಸಲ ಹಸೆಗೆ ಬಪ್ಪಕಾರೆ ನಿಂತು ಉಗ್ರಾಣದ ಬದಿಗೆ ತಿರುಗಿ ನೋಡಿತ್ತು. ಅದು ಯಂಗೆ ನೆನಪಿದ್ದು. ನಿನ್ನ ಆಯಿ ಹೇಳಿದ್ದು ಅದಕ್ಕೆ ಕೇಳಿತ್ತು ಕಾಣ್ತು. ಅದರ ಕೇಳನ ಅಂದ್ರೆ, ಅದೂ ತೀರಿಹೋಗಿ ಎಷ್ಟೋ ವರ್ಷ ಆತು.”

ಹೊರಗೆ ಬಿಸಿಲು ಏರಿತ್ತು. ಇನ್ನು ಹೊರಡುವುದು ಎಂದು ಫೋನು ಎತ್ತಿಕೊಳ್ಳಲು ಹೋದೆ. ಗಂಗತ್ತೆ ಎಣ್ಣೆಯ ಕೈಯನ್ನು ಅಡ್ಡ ಹಿಡಿದಳು.

“ನಿನ್ನ ಆಯಿ ದನಿ ಒಂಚೂರೂ ಇಲ್ಲೆಯಾ ಇದರಲ್ಲಿ?”

ಕಾಸಿಂ ಭಾಯಿ ಜೋಡಿಸಿಕೊಟ್ಟ ಚೂರುಗಳ ಮಾತು ಹೇಳಿದೆ. ಮಾತು ತಿಳಿಯುವುದಿಲ್ಲ, ಬರೀ ಗದ್ದಲ ಎಂದೆ. ಹಾಕು ಎಂದಳು. ಬಿದಿರ ಮೆಳೆಯ ಹತ್ತಿರ ಫೋನು ಎತ್ತಿಕೊಂಡು ಒಳಗೆ ಬಂದವನು ನಾನು. ಇಲ್ಲಿ ಹಾಕುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಪಾತ್ರೆ ಸದ್ದಾಯಿತು. ಅದರ ಹಿಂದೆ ಆಯಿಯ ರಾಗ ಸಣ್ಣಗೆ ಎದ್ದಿತು. ಗಂಗತ್ತೆಯ ಕೈ ಉಂಡೆಯ ಮೇಲೆ ನಿಂತುಬಿಟ್ಟಿತು, ಬೆನ್ನು ನೆಟ್ಟಗಾಯಿತು, ಭುಜ ಮೇಲೆದ್ದಿತು. ಅವಳು ದೀರ್ಘವಾಗಿ ಉಸಿರು ಎಳೆದುಕೊಂಡಳು. ಚೂರು ಮುಗಿಯಿತು. ಅವಳ ಬಾಯಿ ತೆರೆಯಿತು. ಆದರೆ ಮುಂದೆ ಬಂದದ್ದು ಅವಳ ಸೊಲ್ಲಲ್ಲ, ಇನ್ನೊಂದು ಖಾಲಿ ಚೂರು. ಅವಳು ಬಾಯಿ ಮುಚ್ಚಿ ಅದರ ಮೇಲೆ ಇನ್ನಷ್ಟು ಉಸಿರು ಎಳೆದಳು. ಮತ್ತೊಂದು ಚೂರು ಬಂತು. ಕಣ್ಣು ಮುಚ್ಚಿಕೊಂಡಿದ್ದಳು, ಕತ್ತಿನ ನರ ಉಬ್ಬಿತ್ತು, ಮುಖ ಕೆಂಪಾಗುತ್ತಿತ್ತು. ವಿಜಯಾ ನೀರು ಹಿಡಿದು ಓಡಿ ಬಂದಳು. ಗಂಗತ್ತೆ ನೀರು ಬೇಡವೆಂದು ಅವಳನ್ನು ತಡೆದು, ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಿಲ್ಸು ತಮಾ” ಎಂದಳು. “ಉಸಿರು ತಗಂಡು ತಗಂಡು ಇಟ್ಟಿ. ಬಿಡಲೆ ಯನ್ನ ಸೊಲ್ಲು ಬತ್ತೇ ಇಲ್ಲೆ.”